ಹೊದ್ಲಿನ ಮಿಠಾಯಿಯೂ ನನ್ನ ಪಾಕಾಭ್ಯಾಸವೂ

ಅರುವತ್ತು ದಾಟಿದವನು ಹೊಸ ವಿದ್ಯೆಗೆ ಕೈಹಾಕಬಾರದೆಂದು ಹೇಳುವವರುಂಟು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಶಾಲೆಗಳಲ್ಲಿ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿ, ಈಗ ನಿವೃತ್ತನಾಗಿ, ಮರವಂತೆಯ ಸಮೀಪದ ಹಳೆಯ ಮನೆಯಲ್ಲಿ ಒಂದು ಕಡೆಯಿಂದ ಕಡಲಿನ, ಇನ್ನೊಂದು ಕಡೆಯಿಂದ ಸೌಪರ್ಣಿಕೆಯ ಗಾಳಿಯನ್ನು ಸೇವಿಸುತ್ತ ಕುಳಿತಿರುವ ನಾನು ಈ ಹಿತವಚನವನ್ನು ಮೀರಿದೆನು. ಕಳೆದ ದಸರೆಯ ರಜೆಯಲ್ಲಿ ನಾನು ಮಿಠಾಯಿ ಮಾಡಿದೆನು. ಅದರಿಂದ ನನಗೊದಗಿದ ಲಾಭವು ಮಿಠಾಯಿಗಿಂತ ದೊಡ್ಡದಾದುದರಿಂದ, ಆ ವೃತ್ತಾಂತವನ್ನು ವಾಚಕರ ಮುಂದಿಡಲು ಧೈರ್ಯಮಾಡಿರುವೆನು.

ಮಳೆಗಾಲದ ಕೊನೆಯಲ್ಲಿ ನನ್ನ ಮನೆಯಾಕೆಯು ಬಾವಿಕಟ್ಟೆಯ ಹಾವಸೆಯಲ್ಲಿ ಜಾರಿ ಬಿದ್ದು ಬಲಗೈಯ ಮಣಿಕಟ್ಟಿನ ಎಲುಬನ್ನು ಮುರಿದುಕೊಂಡಿದ್ದಳು. ಕೈಗೆ ಪಟ್ಟಿ ಹಾಕಿಸಿಕೊಂಡು ಅಡುಗೆಮನೆಯ ಮಣೆಯ ಮೇಲೆ ಕುಳಿತು, ನೆರವಿಗೆ ಬರುವ ಹೆಂಗಸಿಗೆ ಹೇಳಿ ಮಾಡಿಸುತ್ತಿದ್ದಳು. ಅಂತಹ ಸಮಯದಲ್ಲಿ ಬೆಂಗಳೂರಿನಿಂದ ಮಗಳೂ ಏಳು ವರ್ಷದ ಮೊಮ್ಮಗಳೂ ಬಂದರು. ಮೊಮ್ಮಗಳು ತಾಯಿಯ ಫೋನಿನಲ್ಲಿ ಒಂದು ಚಿತ್ರವನ್ನು ತೋರಿಸಿದಳು. ಬಿಳಿಯ ಮಿಠಾಯಿಯ ತುಂಡುಗಳು. ಅವುಗಳ ಮೈತುಂಬ ಕೆಂಪು, ಹಳದಿ, ನೀಲಿ ಬಣ್ಣದ ಕಾಳುಗಳು. ಅಮೆರಿಕದವರು ಬೆಳಗಿನ ಹೊತ್ತು ಹಾಲಿನೊಡನೆ ತಿನ್ನುವ ಬಣ್ಣದ ಧಾನ್ಯವನ್ನು ಸಕ್ಕರೆ ಬೆಣ್ಣೆಗಳ ಪಾಕಕ್ಕೆ ಬೆರಸಿ ಇದನ್ನು ಮಾಡುವರಂತೆ. ಫಡ್ಜ್ ಎಂದು ಇದರ ಹೆಸರು.

"ಅಜ್ಜಯ್ಯ, ಇದನ್ನು ಮಾಡಿಕೊಡಿ. ತುಂಬಾ ಸುಲಭವಂತೆ" ಎಂದಳು ಮಗು.

"ಇದರಲ್ಲೇನಿದೆ, ಸುಲಭವೇ ಸರಿ" ಎಂದು ನಾನು ಹೇಳಿದೆನು. ಮಣೆಯ ಮೇಲಿದ್ದಾಕೆಯು ಮೆಲ್ಲನೆ ನಕ್ಕು, "ಸುಲಭ ಅಲ್ದಾ? ಹಾಂಗಾರೆ ನೀವೇ ಮಾಡಿ" ಎಂದಳು. ಮಾತು ಕೊಟ್ಟಾಗಿತ್ತು, ಹಿಂದೆಗೆಯುವಂತಿರಲಿಲ್ಲ.

ಮೊದಲಿನ ಪ್ರಶ್ನೆ ಧಾನ್ಯದ್ದು. ಪೇಟೆಯಲ್ಲಿ ಅಂತಹ ಪೆಟ್ಟಿಗೆಗಳು ದೊರೆಯುವುವು. ಆದರೆ ಬಣ್ಣದ ವಿಷಯದಲ್ಲಿ ನನಗೆ ಸಂಶಯವಿತ್ತು. 2024ರ ಮಾರ್ಚಿಯಲ್ಲಿ ನಮ್ಮ ರಾಜ್ಯದ ಸರಕಾರವು ಬೊಂಬಾಯಿ ಮಿಠಾಯಿಗೂ ಗೋಬಿ ಮಂಚೂರಿಗೂ ರೋಡಮೈನ್-ಬಿ ಎಂಬ ಬಣ್ಣವನ್ನು ಹಾಕಬಾರದೆಂದು ನಿಷೇಧಿಸಿದ್ದುದು ವಾಚಕರ ನೆನಪಿನಲ್ಲಿರಬಹುದು. ಅದು ಬಟ್ಟೆಗೆ ಹಾಕುವ ಬಣ್ಣ, ಹೊಟ್ಟೆಗೆ ಹಾಕುವುದಲ್ಲ. ಎಲ್ಲ ಬಣ್ಣವೂ ವಿಷವೆಂದು ನಾನು ಹೇಳುವವನಲ್ಲ. ಆದರೆ ಹಿತ್ತಿಲಲ್ಲಿ ಬಣ್ಣಗಳಿರುವಾಗ ಪೆಟ್ಟಿಗೆಯ ಬಣ್ಣವೇಕೆ? ಧಾನ್ಯಕ್ಕೂ ಇದೇ ನ್ಯಾಯವನ್ನು ಅನ್ವಯಿಸಿ, ಕುಂದಾಪುರದ ಪೇಟೆಯಿಂದ ಅರಳನ್ನು, ಎಂದರೆ ನಮ್ಮ ಕಡೆಯವರು ಹೊದ್ಲು ಎನ್ನುವುದನ್ನು, ಕೊಂಡುತಂದೆನು. ಚೌತಿಯ ಪಂಚಕಜ್ಜಾಯಕ್ಕೆ ಬೆಲ್ಲ, ಕಾಯಿ, ಎಳ್ಳುಗಳೊಡನೆ ಬೆರಸುವ ಹೊದ್ಲೇ ಇದು.

ಇಲ್ಲಿ ನನ್ನೊಳಗಿನ ಉಪಾಧ್ಯಾಯನು ಎಚ್ಚತ್ತನು. ಮಗುವನ್ನು ಹತ್ತಿರ ಕುಳ್ಳಿರಿಸಿಕೊಂಡು ಉಪನ್ಯಾಸವನ್ನು ಆರಂಭಿಸಿದೆನು. ಅಮೆರಿಕದ ಬ್ಯಾಟಲ್ ಕ್ರೀಕ್ ಎಂಬ ಊರಿನಲ್ಲಿ ಕೆಲ್ಲಾಗ್ ಸಹೋದರರು ಬೇಯಿಸಿದ ಗೋದಿಯನ್ನು ಒತ್ತಿ ಚಕ್ಕೆಮಾಡುವ ಕ್ರಮವನ್ನು ಕಂಡುಕೊಂಡುದು 1894ರಲ್ಲಿ. ಅಲೆಕ್ಸಾಂಡರ್ ಆಂಡರ್ಸನ್ ಎಂಬ ಸಸ್ಯಶಾಸ್ತ್ರಜ್ಞನು 1904ರಲ್ಲಿ ಸೇಂಟ್ ಲೂಯಿಸ್ ನಗರದ ಮಹಾಪ್ರದರ್ಶನದಲ್ಲಿ ಅಕ್ಕಿಯನ್ನು ಫಿರಂಗಿಗಳಿಂದ ಹಾರಿಸಿ ಉಬ್ಬಿಸಿ ತೋರಿಸಿದನು. 1939ರಲ್ಲಿ ಕೆಲ್ಲಾಗ್ ಕಂಪೆನಿಯ ಮಿಲ್ಡ್ರೆಡ್ ಡೇ ಎಂಬಾಕೆಯೂ ಆಕೆಯ ಜತೆಯವರೂ ಉಬ್ಬಿದ ಅಕ್ಕಿಯನ್ನು ಸಿಹಿಪಾಕದಲ್ಲಿ ಕಲಸಿ ತುಂಡುಮಾಡುವುದನ್ನು ಪ್ರಚಾರಕ್ಕೆ ತಂದರು. ನಮ್ಮ ಅಜ್ಜಿಯಂದಿರಿಗಾದರೋ ಫಿರಂಗಿಯು ಬೇಕಾಗಿರಲಿಲ್ಲ. ಒಂದು ಬಾಣಲೆಯಷ್ಟು ಕಾದ ಮರಳೇ ಸಾಕಾಗಿತ್ತು. ಬತ್ತದ ಹೊಟ್ಟಿನೊಳಗೆ ಸಿಕ್ಕಿಕೊಂಡ ತೇವವು ಕಾವಿಗೆ ಆವಿಯಾಗಿ ಹೊರಬರಲು ದಾರಿ ಕಾಣದೆ ಕಾಳನ್ನು ಒಡೆದು ಅರಳಿಸುವುದು. ಸಂಸ್ಕೃತದಲ್ಲಿ ಇದಕ್ಕೆ ಲಾಜವೆಂದು ಹೆಸರು. ಈ ಶಬ್ದವು ಪುಲ್ಲಿಂಗ. ಅದನ್ನು ಬಹುವಚನದಲ್ಲಿಯೇ ಪ್ರಯೋಗಿಸುವುದು ರೂಢಿ. ಹೆಂಡತಿಯೆಂಬ ಅರ್ಥದ ದಾರ ಶಬ್ದವೂ ಹಾಗೆಯೇ, ಪುಲ್ಲಿಂಗ ಬಹುವಚನ.

"ಅಮ್ಮಮ್ಮ ಒಬ್ಬರೇ ಅಲ್ವಾ ಇರೋದು?" ಎಂದು ಮಗು ಕೇಳಿತು. ಈ ಪೂರ್ವಪಕ್ಷಕ್ಕೆ ನನ್ನಲ್ಲಿ ಸಮಾಧಾನವಿರಲಿಲ್ಲ. ಬಾಣಲೆಯನ್ನು ಒಲೆಯ ಮೇಲಿಟ್ಟೆನು.

ಬಣ್ಣ ಕಾಣಬೇಕಾದರೆ ಬೆಲ್ಲ ಸಲ್ಲದು. ಅದು ಎಲ್ಲ ಬಣ್ಣವನ್ನೂ ನುಂಗಿಬಿಡುವುದು. ಆದುದರಿಂದ ಕಾಯಿತುರಿ, ಸಕ್ಕರೆ, ಹಾಲು ಇವುಗಳಿಂದ ಪಾಕವೆಂದು ನಿಶ್ಚಯಿಸಿದೆನು. ಅದು ಕುದಿಯತೊಡಗಿದೊಡನೆಯೇ, ಇನ್ನೇಕೆ ವಿಳಂಬವೆಂದು, ಪೊಟ್ಟಣವನ್ನು ಒಡೆದು ಹೊದ್ಲನ್ನು ಹಾಗೆಯೇ ಸುರಿದೆನು. ಮಲ್ಲಿಗೆಯ ರಾಶಿಯಂತಿದ್ದುದು ಕಣ್ಣೆದುರಿನಲ್ಲಿಯೇ ಕುಸಿದು ಗಂಜಿಯಾಯಿತು. ಆದರೂ ತಟ್ಟೆಗೆ ಬಳಿದು ಆರಿಸಿದೆವು. ಮಗು ಒಂದು ತುತ್ತನ್ನು ಬಾಯಿಗಿಟ್ಟು ಕೆಮ್ಮತೊಡಗಿತು. ಗಂಟಲಿಗೆ ಬತ್ತದ ಹೊಟ್ಟು ಸಿಕ್ಕಿಕೊಂಡಿತ್ತು. ಮಗಳು ಬೆನ್ನು ತಟ್ಟಿ ನೀರು ಕುಡಿಸಿದಳು. ನಾನು ಸಟ್ಟುಗವನ್ನು ಹಿಡಿದು ಅಪರಾಧಿಯಂತೆ ನಿಂತಿದ್ದೆನು.

"ಹ್ವಾಯ್, ಹೊದ್ಲು ಆರ್ಸದೆ ಹಾಕುಕಾಗ" ಎಂದು ಮಣೆಯ ಮೇಲಿನಿಂದ ಮಾತು ಬಂದಿತು.

ಅವಳೇ ಎಡಗೈಯಿಂದ ಗೆರಸೆಯನ್ನು ಎಳೆದುಕೊಂಡಳು. ಮೊದಲು ಜರಡಿಯಲ್ಲಿ ಅಲ್ಲಾಡಿಸಬೇಕು. ಬಳಿಕ ಗೆರಸೆಯಲ್ಲಿ ಹರಡಿ, ಅಂಟಿಕೊಂಡ ಹೊಟ್ಟನ್ನು ಒಂದೊಂದಾಗಿ ಬಿಡಿಸಿ ತೆಗೆಯಬೇಕು. ಮೂವರೂ ಕುಳಿತು ಆರಿಸಿದೆವು. ಮೂರು ಲೋಟ ಹೊದ್ಲಿಗೆ ಅರ್ಧ ತಾಸು ಹಿಡಿಯಿತು. ಪ್ರತಿ ಚೌತಿಗೂ ಅವಳು ಎಷ್ಟು ಹೊದ್ಲನ್ನು ಆರಿಸುತ್ತಿದ್ದಳೆಂಬುದನ್ನು ಎಣಿಸಿದೆನು. "ಪ್ರತಿಸಲವೂ ಹೀಗೆಯೇ ಆರಿಸುತ್ತಿದ್ದೆಯೇನು?" ಎಂದು ಕೇಳಿದೆನು.

"ಎರಡೆರಡ್ ಸಲ" ಎಂದಳು. ಸ್ವಲ್ಪ ಸುಮ್ಮನಿದ್ದು, ಮಗುವಿನ ಕಡೆ ನೋಡುತ್ತಲೇ, ಮದುವೆಯಾದ ವರ್ಷದ ಚೌತಿಯ ಸಂಗತಿಯನ್ನು ಹೇಳಿದಳು. ಅಂದು ಪಂಚಕಜ್ಜಾಯದಲ್ಲಿ ಹೊಟ್ಟು ಸಿಕ್ಕಿತೆಂದು, ನೆಂಟರೆಲ್ಲ ಕುಳಿತ ಪಂಕ್ತಿಯಲ್ಲಿ, ಅಷ್ಟನ್ನೂ ಕಲಿಸದೆ ಕಳುಹಿಸಿದರೇ ಎಂದು ನಾನು ಗದರಿದ್ದೆನಂತೆ. ಅವಳ ಅಣ್ಣನೂ ಅದೇ ಪಂಕ್ತಿಯಲ್ಲಿದ್ದನಂತೆ. ನನಗೆ ಅದು ಸ್ವಲ್ಪವೂ ನೆನಪಿರಲಿಲ್ಲ. ಮೂವತ್ತೈದು ವರ್ಷ ನಮ್ಮ ಮನೆಯ ಪಂಚಕಜ್ಜಾಯದಲ್ಲಿ ಒಂದು ಹೊಟ್ಟೂ ಯಾರಿಗೂ ಸಿಕ್ಕಲಿಲ್ಲ. ಹೊದ್ಲೆಂದರೆ ಹಾಗೆಯೇ ಇರುವುದೆಂದು ನಾನು ತಿಳಿದುಕೊಂಡಿದ್ದೆನು.

ನಮ್ಮ ವಿವಾಹದ ಲಾಜಹೋಮವು ಆಗ ನೆನಪಿಗೆ ಬಂದಿತು. ಆಕೆಯ ಬೊಗಸೆಗೆ ಅರಳನ್ನು ಹಾಕಿದವನು ಆ ಅಣ್ಣನೇ. ಮಂತ್ರದ ಸ್ವರ ತಪ್ಪದಂತೆ ಹೇಳಿದೆನೆಂದು ನಾನು ಬಹುದಿನ ಹೆಮ್ಮೆಪಟ್ಟುಕೊಂಡಿದ್ದೆನು. ಶಬ್ದದ ಲಿಂಗವಚನಗಳನ್ನು ಬಲ್ಲವನು ಅದರ ಹೊಟ್ಟನ್ನು ಬಲ್ಲವನಾಗಿರಲಿಲ್ಲ.

ಇನ್ನು ಎರಡನೆಯ ಪ್ರಯತ್ನ. ಮಾಡಿನೋಡಬಯಸುವವರಿಗೆ ಅಳತೆಯನ್ನು ಹೇಳುವೆನು. ಒಂದೊಂದು ಬಣ್ಣಕ್ಕೆ 1 ಲೋಟ ಹಸಿ ಕಾಯಿತುರಿ, ಮುಕ್ಕಾಲು ಲೋಟ ಸಕ್ಕರೆ, ಕಾಲು ಲೋಟ ಹಾಲು, 1 ಚಮಚ ತುಪ್ಪ, 1 ಲೋಟ ಆರಿಸಿದ ಹೊದ್ಲು. ತುರಿಯು ಬಿಳಿಯ ಭಾಗದ್ದೇ ಆಗಿರಬೇಕು. ಚಿಪ್ಪಿನ ಬಳಿಯ ಕಂದು ಬಂದರೆ ಬಣ್ಣ ಕೆಡುವುದು. ಹೊದ್ಲನ್ನು ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿ ಗರಿಗರಿಯಾಗಿಸಿ ಬೇರೆಯಿಡಬೇಕು. ನಮ್ಮ ಕರಾವಳಿಯ ಗಾಳಿಯಲ್ಲಿ ಅದು ಬೇಗ ಮೆತ್ತಗಾಗುವುದು. ಹಳದಿಗೆ ಚಿಟಿಕೆ ಅರಸಿನ ಸಾಕು, ಹೆಚ್ಚಾದರೆ ಘಾಟು. ಕೆಂಪಿಗೆ ಬಸಳೆಯ ಹಣ್ಣನ್ನು ಹಿಸುಕಿ ಸೋಸಿದ ರಸ. ಅದು ಸಿಕ್ಕದಿದ್ದರೆ ಬೀಟ್‌ರೂಟಿನದು. ನೀಲಿಗೆ ಹತ್ತು ಹನ್ನೆರಡು ಶಂಖಪುಷ್ಪದ ದಳಗಳನ್ನು ಬಿಸಿಹಾಲಿನಲ್ಲಿ ನೆನೆಹಾಕಿ ಹಿಂಡಿಕೊಳ್ಳಬೇಕು. ಅದೇ ಹೂವಿನ ನೀಲಿಯ ನೀರಿಗೆ ಲಿಂಬೆಯ ಹನಿ ಬಿದ್ದರೆ ನೇರಿಳೆಯ ಬಣ್ಣವಾಗುವುದು. ಮಗು ಇದನ್ನು ಲೋಟದಲ್ಲಿ ಐದಾರು ಸಲ ಮಾಡಿಸಿ ನೋಡಿತು.

ಬಣ್ಣದ ಹಾಲು, ತುರಿ, ಸಕ್ಕರೆಗಳನ್ನು ಒಟ್ಟಿಗೆ ಕಾಯಿಸುತ್ತ ಕೈಬಿಡದೆ ತಿರುವಬೇಕು. ತಿರುವುತ್ತಿದ್ದರೆ ಸಕ್ಕರೆಯ ಹರಳು ಸಣ್ಣದಾಗಿ ಮಿಠಾಯಿಯು ನುಣುಪಾಗುವುದು. ಎಷ್ಟು ಹೊತ್ತು ಎಂದು ನಾನು ಗಡಿಯಾರವನ್ನು ನೋಡುತ್ತಿದ್ದುದನ್ನು ಕಂಡು ಅವಳು, "ಪಾಕ ಕಣ್ಣಲ್ ಕಾಂಬುದಲ್ಲ, ಬೆರಳಲ್ ಕಾಂಬುದ್" ಎಂದಳು. ಚೂರು ತೆಗೆದು ಆರಿಸಿ ಬೆರಳುಗಳ ನಡುವೆ ಉರುಟಿದಾಗ ಅಂಟದೆ ಉಂಡೆಯಾಗಬೇಕು. ಬಾಣಲೆಯ ಅಂಚನ್ನು ಬಿಟ್ಟು ಒಂದೇ ಮುದ್ದೆಯಾಗಿ ಸುತ್ತಬೇಕು. ಆಗ ತುಪ್ಪವನ್ನು ಹಾಕಿ, ಒಲೆಯಿಂದ ಇಳಿಸಿ, ಎರಡು ನಿಮಿಷ ಕುದಿ ಅಡಗಿದ ಮೇಲೆ ಹೊದ್ಲನ್ನು ಬೆರಸಬೇಕು. ಕುದಿಗೆ ಬೆರಸಿದರೆ ಏನಾಗುವುದೆಂದು ಮೇಲೆಯೇ ಹೇಳಿರುವೆನು. ತುಪ್ಪ ಸವರಿದ ತಟ್ಟೆಯಲ್ಲಿ ಹಳದಿ, ಕೆಂಪು, ನೀಲಿಗಳನ್ನು ಪದರಪದರವಾಗಿ ಹರಡಿ, ಲೋಟದ ತಳದಿಂದ ಮೆಲ್ಲನೆ ಒತ್ತಿ, ಬಿಸಿಯಾರುವ ಮೊದಲೇ ಕತ್ತರಿಸಬೇಕು. ಹಸಿ ಕಾಯಿಯಾದುದರಿಂದ ಎರಡು ದಿನದೊಳಗೆ ತಿಂದು ಮುಗಿಸುವುದು ಲೇಸು.

ಮೂರನೆಯ ಬಣ್ಣದ ಪಾಕವನ್ನು ತಿರುವುತ್ತಿದ್ದಾಗ, ಮಗಳೂ ಮಗುವೂ ಜಗಲಿಯಲ್ಲಿದ್ದ ಸಮಯವನ್ನು ನೋಡಿ, "ಆ ಚೌತಿಯ ದಿನ ನಾನು ಮಾಡಿದುದು ತಪ್ಪು" ಎಂದು ನಾನು ಹೇಳಿದೆನು. ಇಷ್ಟು ಚಿಕ್ಕ ವಾಕ್ಯವನ್ನು ಹೇಳುವುದು ನನಗೆ ಅಷ್ಟು ಕಷ್ಟವಾದೀತೆಂದು ತಿಳಿದಿರಲಿಲ್ಲ. ಅವಳು ನನ್ನ ಮುಖವನ್ನು ನೋಡಲಿಲ್ಲ. ಬಾಣಲೆಯನ್ನೇ ನೋಡುತ್ತ, "ತಳ ಹಿಡಿತ್ತ್, ಕೈ ಆಡ್ಸಿ" ಎಂದಳು.

ನಾನು ಕೈಯಾಡಿಸಿದೆನು. ಮಿಠಾಯಿಯು ಚೆನ್ನಾಗಿ ಆಯಿತು. ನೀಲಿಯ ಪದರವು ಸ್ವಲ್ಪ ಮಾಸಲಾಗಿತ್ತೆಂಬುದೊಂದೇ ಕೊರತೆ. ಮಗು ಮೊದಲನೆಯ ತುಂಡನ್ನು ಅಮ್ಮಮ್ಮನ ಎಡಗೈಗೆ ಕೊಟ್ಟಿತು. ಅವಳು ಅದನ್ನು ಬಾಯಲ್ಲಿಟ್ಟು, ನಾಲಗೆಯಿಂದ ಹುಡುಕಿ ನೋಡಿ, "ಹೊಟ್ಟಿಲ್ಲ" ಎಂದಳು.

ಅವಳ ಕೈಯ ಪಟ್ಟಿಯನ್ನು ಬಿಚ್ಚಿ ಈಗ ಬಹುದಿನಗಳಾದುವು. ಆದರೂ ನಮ್ಮ ಮನೆಯಲ್ಲಿ ಹೊದ್ಲನ್ನು ಆರಿಸುವ ಅಧಿಕಾರವು ನನ್ನಲ್ಲಿಯೇ ಉಳಿದಿದೆ. ನಾನು ಎರಡು ಸಲ ಆರಿಸುವೆನು.