ನಾಳೆಯ ಹಾಳೆ

ಹಾಸಿಗೆಯಲ್ಲಿಯೇ ಅಂಗೈ ನೋಡಿಕೊಂಡೆದ್ದು, ಮುಖಮಾರ್ಜನ ಮುಗಿಸಿ, ಅಡುಗೆಮನೆಯ ಬಾಗಿಲ ಪಕ್ಕದಲ್ಲಿ ತೂಗುವ ಕ್ಯಾಲೆಂಡರಿನಿಂದ ನಿನ್ನೆಯ ಹಾಳೆಯನ್ನು ಹರಿದು, ಆಮೇಲೆಯೇ ಕಾಫಿಯ ಲೋಟಕ್ಕೆ ಕೈಯೊಡ್ಡುವುದು ಮೂವತ್ತು ವರ್ಷಗಳಿಂದ ನಾನು ತಪ್ಪದೆ ನಡೆಸಿಕೊಂಡು ಬಂದಿರುವ ಏಕೈಕ ವ್ರತ. ಉಳಿದ ವ್ರತಗಳ ಮಾತು ಇಲ್ಲಿ ಬೇಡ. ಒಂದು ಮಂಗಳವಾರ, ಎಂದರೆ 2019ರ ಜುಲೈ 23ರ ಬೆಳಿಗ್ಗೆ, ಯಥಾಪ್ರಕಾರ ಕೈಯೆತ್ತಿ ನೋಡುತ್ತೇನೆ, ಗೋಡೆಯ ಮೇಲೆ ಬುಧವಾರ ವಿರಾಜಮಾನವಾಗಿದೆ! ಯಾರೋ ಎರಡು ಹಾಳೆಗಳನ್ನು ಒಮ್ಮೆಗೇ ಕಿತ್ತಿದ್ದರು. ಬಡಿಸಿದ ಎಲೆಯನ್ನು ಕೂರುವುದಕ್ಕೆ ಮುಂಚೆಯೇ ಎತ್ತಿಕೊಂಡು ಹೋದರೆ ಹೇಗೋ ಹಾಗಾಯಿತು ನನಗೆ.

ಈ ಕೋಪವನ್ನು ಹೊತ್ತುಕೊಂಡೇ ಪತ್ರಿಕೆ ಬಿಡಿಸಿದೆನು. ಹಿಂದಿನ ಗುರುವಾರ ರಾಜ್ಯ ಸರಕಾರವು ವಿಧಾನಸಭೆಯಲ್ಲಿ ಮಂಡಿಸಿದ ವಿಶ್ವಾಸಮತದ ನಿರ್ಣಯ ಶುಕ್ರವಾರಕ್ಕೆ ಹೋಗಿ, ಅಲ್ಲಿ ರಾಜ್ಯಪಾಲರು ವಿಧಿಸಿದ ಮಧ್ಯಾಹ್ನ 1.30ರ ಗಡುವನ್ನೂ, ಅದು ಮೀರಿದ ಮೇಲೆ ಕೊಟ್ಟ ದಿನದಂತ್ಯದ ಗಡುವನ್ನೂ ದಾಟಿ, ಸೋಮವಾರಕ್ಕೆ ಬಂದು, ಆ ದಿನವೂ ನಡುರಾತ್ರಿಯ ಸಮೀಪದವರೆಗೆ ಮಾತು ಬೆಳೆದು, ಮತ್ತೆ ಮುಂದಕ್ಕೆ ಹೋಗಿತ್ತು. ನಮ್ಮ ಮನೆಯಲ್ಲಿ ನಾಳೆಯು ಕರೆಯದೆ ಬಂದು ಕುಳಿತಿದ್ದರೆ, ವಿಧಾನಸೌಧದಲ್ಲಿ ಇವತ್ತೇ ಬರಲೊಲ್ಲದು. ಪ್ರಜಾಪ್ರಭುತ್ವದ ಗತಿ, ಹಣದ ಮಹಿಮೆ, ಮತದಾರನ ಅವಸ್ಥೆ ಮುಂತಾದವನ್ನು ಕುರಿತು ಸಂಪಾದಕರು ಸಾಕಷ್ಟು ಮರುಗಿದ್ದಾರಾದ್ದರಿಂದ ಅವರ ಕೆಲಸಕ್ಕೆ ನಾನು ಕೈಹಾಕುವುದಿಲ್ಲ. ನನ್ನನ್ನು ಹಿಡಿದುದು ‘ಪಕ್ಷಾಂತರ’ವೆಂಬ ಒಂದೇ ಶಬ್ದ.

ಪಕ್ಷವೆಂದರೆ ರೆಕ್ಕೆ, ಪಕ್ಷವೆಂದರೆ ಹದಿನೈದು ದಿನ, ಪಕ್ಷವೆಂದರೆ ಕಡೆ. ರೆಕ್ಕೆಯಿರುವುದು ಹಾರುವುದು ಸಹಜ, ಹದಿನೈದು ದಿನಕ್ಕೊಮ್ಮೆ ಬದಲಾಗುವುದೂ ಸಹಜವೆಂದ ಮೇಲೆ ಬೈಯಬೇಕಾದದ್ದು ಶಾಸಕರನ್ನೋ ಶಬ್ದವನ್ನೋ? 1967ರಲ್ಲಿ ಹರಿಯಾಣದ ಗಯಾಲಾಲರು ಒಂದೇ ಪಕ್ಷದೊಳಗೆ ಮೂರು ಸಲ ಪಕ್ಷ ಬದಲಿಸಿ ‘ಆಯಾರಾಂ ಗಯಾರಾಂ’ ಎಂಬ ಮಾತಿಗೆ ಕಾರಣರಾದರಷ್ಟೆ. ಈ ವಾಕ್ಯದ ಸೊಗಸು ಕನ್ನಡದಲ್ಲಿ ಹೇಳಿದಾಗಲೇ ತಿಳಿಯುವುದು. 1985ರಲ್ಲಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿಯನ್ನು ಸೇರಿಸಿ ಈ ಹಾರಾಟಕ್ಕೆ ಬೇಲಿ ಕಟ್ಟಿದರು. ಸದಸ್ಯತ್ವಕ್ಕೇ ರಾಜೀನಾಮೆ ಬರೆದುಕೊಟ್ಟು ಮುಂಬಯಿಯ ಹೋಟೆಲಿನಲ್ಲಿ ಹೋಗಿ ಕೂತಿದ್ದ ಶಾಸಕರನ್ನು ಆ ಬೇಲಿಯ ಒಳಗಿನವರೆನ್ನಬೇಕೋ ಹೊರಗಿನವರೆನ್ನಬೇಕೋ ಎಂಬುದೇ ಆಗಿನ ಜಿಜ್ಞಾಸೆ.

ಹೋಟೆಲೆಂದೊಡನೆ ನನಗೆ ಶಲ್ಯ ನೆನಪಾದನು. ನಕುಲ ಸಹದೇವರ ಸೋದರಮಾವನಾದ ಈ ಮದ್ರರಾಜನು ಒಂದು ಅಕ್ಷೌಹಿಣಿ ಸೇನೆಯೊಡನೆ ಪಾಂಡವರ ಕಡೆಗೆ ಹೊರಟಿದ್ದಾಗ, ದುರ್ಯೋಧನನು ದಾರಿಯುದ್ದಕ್ಕೂ ವಿಶ್ರಾಂತಿಮಂದಿರಗಳನ್ನು ಕಟ್ಟಿಸಿ, ಅನ್ನಪಾನಗಳನ್ನು ಒದಗಿಸಿ, ತಾನು ಮಾತ್ರ ಮರೆಯಲ್ಲಿದ್ದನು. ಧರ್ಮರಾಯನ ಉಪಚಾರವೇ ಇದೆಂದು ಬಗೆದ ಶಲ್ಯನು ಸುಪ್ರೀತನಾಗಿ, ಇದನ್ನು ಮಾಡಿದವರಿಗೆ ಬಹುಮಾನ ಕೊಡುತ್ತೇನೆಂದಾಗ ಎದುರಿಗೆ ಬಂದು ನಿಂತವನು ಸುಯೋಧನ! ಕೊಟ್ಟ ಮಾತಿಗೆ ಕಟ್ಟುಬಿದ್ದು ಸೇನೆಸಮೇತ ಆ ಕಡೆಗೆ ಸೇರಿದುದಾಯಿತು. ರೆಸಾರ್ಟಿನ ರಾಜಕೀಯವನ್ನು ಈ ಕಾಲದ ಆವಿಷ್ಕಾರವೆನ್ನುವವರು ಉದ್ಯೋಗಪರ್ವವನ್ನು ಓದಿಲ್ಲ. ಹೆಗಲ ಮೇಲಿನ ವಸ್ತ್ರಕ್ಕೆ ನಾವು ಶಲ್ಯವೆಂದೇ ಹೆಸರಿಟ್ಟಿದ್ದೇವೆ. ಪಕ್ಷ ಬದಲಿಸಿದವನಿಗೆ ಮೊದಲು ಹೊದಿಸುವುದೂ ಅದನ್ನೇ. ಆದರೆ ವ್ಯಾಸರ ಮೇಲೆ ನನ್ನದೊಂದು ದೂರಿದೆ: ಆ ಮಂದಿರಗಳಲ್ಲಿ ಬೆಳಗಿನ ಹೊತ್ತು ಏನೇನು ಬಡಿಸಿದರೆಂದು ಬಿಡಿಸಿ ಹೇಳಬಹುದಾಗಿತ್ತು. ಒಂದು ಅಕ್ಷೌಹಿಣಿ ಕಡೆ ಬದಲಿಸುವಂತಹ ಉಪಾಹಾರ!

ನನ್ನ ಮುಂದಿದ್ದ ಕಾಫಿಯೋ ಆರಿ ಕೆನೆಗಟ್ಟಿತ್ತು.

ಸಂಜೆ 99ಕ್ಕೆ 105 ಮತಗಳೆಂದು ಲೆಕ್ಕ ಬಂದು, ಹದಿನಾಲ್ಕು ತಿಂಗಳ ಸರಕಾರ ಬಿದ್ದ ಸುದ್ದಿಯನ್ನು ಟೀವಿಯವರು ಕಿರಿಚುತ್ತಿದ್ದಾಗ, ಮನೆಯಾಕೆ ತರಕಾರಿಯ ಚೀಲವನ್ನು ಮೊರಕ್ಕೆ ಸುರಿದಳು. ಬೀನ್ಸಿನ ನಡುವೆ ಮಡಿಸಿದ ಮಂಗಳವಾರ! ಬೆನ್ನಿಗೆ ಪೆನ್ಸಿಲಿನಲ್ಲಿ ಕೊತ್ತಂಬರಿ, ಹೀರೆಕಾಯಿ, ನಿಂಬೆಹಣ್ಣು ನಾಲ್ಕು. “ಚೀಟಿಗೆ ಕಾಗದ ಸಿಗಲಿಲ್ಲ ರೀ, ಹರಿದುಕೊಂಡೆ. ನಿಮ್ಮ ಮಂಗಳವಾರಕ್ಕೇನು, ನಡೆಯಿತಲ್ಲ!” ಎಂದಳು. ವಾದಕ್ಕೆ ಹೋಗಲಿಲ್ಲ. ಊಟವಾದ ಮೇಲೆ, ನಮ್ಮ ತಂದೆಯವರು ಲಕೋಟೆ ಅಂಟಿಸುತ್ತಿದ್ದ ಕ್ರಮದಲ್ಲಿ ನಾಲ್ಕು ಅನ್ನದ ಅಗುಳನ್ನು ಹೆಬ್ಬೆರಳಿನಿಂದ ಅರೆದು, ಮಂಗಳವಾರವನ್ನು ಬುಧವಾರದ ಮೇಲೆ ಒತ್ತಿ ಕೂರಿಸಿದೆನು. ಬೆಳಿಗ್ಗೆಯೆದ್ದು ವಿಧಿವತ್ತಾಗಿ ಹರಿಯಬೇಕಲ್ಲ.

ಎದ್ದು ಹರಿದೆನು. ಅಗುಳು ರಾತ್ರಿಯೆಲ್ಲ ಒಣಗಿ ಗಟ್ಟಿಯಾಗಿ ಕಚ್ಚಿಕೊಂಡಿತ್ತು. ಮಂಗಳವಾರದ ಬೆನ್ನಿಗೆ ಬುಧವಾರವೂ ಕಿತ್ತು ಬಂದು, ಗೋಡೆಯ ಮೇಲೆ ಗುರುವಾರ ಕಾಣಿಸಿತು. ಒಳಗಿನಿಂದ ಕೂಗು ಬಂತು: “ರೀ, ನಿನ್ನೆಯ ಚೀಟಿ ಎಲ್ಲಿಟ್ಟಿರಿ? ಏನೋ ಒಂದು ತರುವುದು ಮರೆತಿದ್ದೇನೆ.”