ಗ್ಯಾಸ್ ಹೋಗಿದೆ ಎಂಬ ಮಾತು

"ಫ್ರಿಜ್ ತಣ್ಣಗಾಗ್ತಾ ಇಲ್ಲ" ಎಂಬುದು ಒಂದೇ ವಾಕ್ಯ. ಅದರೊಳಗೆ ನಾಲ್ಕೈದು ಬೇರೆ ಬೇರೆ ಕಾಯಿಲೆಗಳಿವೆ. ಡೊಂಬಿವಲಿ ಪೂರ್ವದ ಕನ್ನಡದ ಮನೆಯೊಂದರಲ್ಲಿ ಮಳೆಗಾಲದ ಒಂದು ಬೆಳಿಗ್ಗೆ ಎದ್ದ ಮಾತೂ ಅದೇ. ರಾತ್ರಿ ಒಳಗಿಟ್ಟ ದೋಸೆ ಹಿಟ್ಟು ಪಾತ್ರೆ ಮೀರಿ ಉಕ್ಕಿತ್ತು, ಹಾಲು ಒಡೆದಿತ್ತು. ಫ್ರೀಜರಿನಲ್ಲಿ ಮಾತ್ರ ಐಸ್ ಕಲ್ಲಿನ ಹಾಗಿತ್ತು. ಬಂದ ಮೆಕ್ಯಾನಿಕ್ ಕೆಳಗಿನ ಬಾಗಿಲು ತೆಗೆದು, ಕೈಯಾಡಿಸಿ, "ಗ್ಯಾಸ್ ಖತಮ್, ಆಂಟಿ" ಎಂದ. ಸಾವಿರಗಳ ಲೆಕ್ಕ. ಫ್ರಿಜ್ಜನ್ನು ಅಂಗಡಿಗೆ ಒಯ್ದು, ಗ್ಯಾಸ್ ತುಂಬಿಸಿ, ಮರುದಿನ ತಂದಿಟ್ಟ. ಹತ್ತು ದಿನ ಚೆನ್ನಾಗಿ ನಡೆಯಿತು. ಆಮೇಲೆ ಮತ್ತೆ ಹುಳಿ ಹಿಟ್ಟು.

ಗ್ಯಾಸ್ ಕಾರಣವಲ್ಲ ಎಂದು ಹೇಳುತ್ತಿದ್ದುದೇ ಆ ಹತ್ತು ದಿನ. ಫ್ರಾಸ್ಟ್-ಫ್ರೀ ಫ್ರಿಜ್ಜಿನಲ್ಲಿ ತಂಪು ಹುಟ್ಟುವುದು ಒಂದೇ ಕಡೆ, ಫ್ರೀಜರಿನ ಹಿಂಬದಿಯ ಹಲಗೆಯೊಳಗೆ ಅಡಗಿರುವ ಕಾಯಿಲ್‌ನಲ್ಲಿ. ಅಲ್ಲಿಂದ ಫ್ಯಾನ್ ತಣ್ಣನೆ ಗಾಳಿಯನ್ನು ಮೇಲಕ್ಕೂ ಕೆಳಕ್ಕೂ ಹಂಚುತ್ತದೆ. ಬಾಗಿಲು ತೆಗೆದಾಗಲೆಲ್ಲ ಹೊರಗಿನ ತೇವ ಒಳಹೊಕ್ಕು ಕಾಯಿಲ್ ಮೇಲೆ ಬೆಳ್ಳಗೆ ಹೆಪ್ಪುಗಟ್ಟುತ್ತದೆ. (ಕನ್ನಡದಲ್ಲಿ ಮಂಜು ಎಂದರೆ ಬೆಳಗಿನ ಮುಸುಕೂ ಹೌದು, ಹಿಮಾಲಯದ ಹಿಮವೂ ಹೌದು. ಈ ಬಿಳಿ ಪುಡಿಗೆ ಮನೆಮಾತಿನಲ್ಲಿ "ಐಸ್ ಕಟ್ಟಿದೆ" ಅಂದರೆ ಮುಗಿಯಿತು.) ಮುಂಬೈಯ ಜುಲೈ ಗಾಳಿಯಲ್ಲಿ ತೇವಕ್ಕೆ ಬರವಿಲ್ಲ. ಆದ್ದರಿಂದ ದಿನಕ್ಕೆ ಎರಡು ಮೂರು ಸಲ ಟೈಮರ್ ಕಂಪ್ರೆಸರನ್ನು ನಿಲ್ಲಿಸಿ, ಕಾಯಿಲ್ ಕೆಳಗಿನ ಹೀಟರನ್ನು ಸ್ವಲ್ಪ ಹೊತ್ತು ಉರಿಸುತ್ತದೆ. ಕರಗಿದ ನೀರು ಹಿಂದಿನ ಟ್ರೇಗೆ ಇಳಿಯುತ್ತದೆ. ಈ ಕೆಲಸ ನಿಂತರೆ ಐಸ್ ಗೋಡೆಯಾಗಿ ಗಾಳಿಯ ದಾರಿ ಮುಚ್ಚುತ್ತದೆ. ಮೊದಲು ಬಿಸಿಯಾಗುವುದು ಕೆಳಭಾಗ. ಫ್ರೀಜರ್ ಇನ್ನೂ ಕೆಲವು ದಿನ ಗಟ್ಟಿಯಾಗಿಯೇ ಇರುತ್ತದೆ.

ಅಂಗಡಿಯಲ್ಲಿ ಒಂದು ದಿನ ಕರೆಂಟಿಲ್ಲದೆ ನಿಂತ ಫ್ರಿಜ್ಜಿನಲ್ಲಿ ಆ ಗೋಡೆ ತಾನಾಗಿ ಕರಗಿತು. ಹೆಸರು ಬಂದದ್ದು ಗ್ಯಾಸಿಗೆ. ಮೆಕ್ಯಾನಿಕ್ ಮೋಸಗಾರನೇ ಆಗಿರಬೇಕೆಂದಿಲ್ಲ, ಫಲ ಕಣ್ಣೆದುರೇ ಇತ್ತಲ್ಲ! ಆದರೆ ಫ್ರಿಜ್ಜಿನ ಗ್ಯಾಸ್ ಸ್ಕೂಟರಿನ ಪೆಟ್ರೋಲಿನ ಹಾಗೆ ಓಡಿದಷ್ಟೂ ಖರ್ಚಾಗುವುದಿಲ್ಲ. ಅದು ಕಡಿಮೆಯಾಗಿದ್ದರೆ ಎಲ್ಲೋ ತೂತಿರಬೇಕು. ಯಾವ ತೂತನ್ನು ಮುಚ್ಚಿದಿರಿ ಎಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಹಿಟ್ಟು ಹೋದರೆ ಹೋಯಿತು. ಅದೇ ಫ್ರಿಜ್ಜಿನ ಬಾಗಿಲಲ್ಲಿ ಅಜ್ಜಿಯ ಇನ್ಸುಲಿನ್ ಇತ್ತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು. ಕೆಳಗೆ ಬೆಚ್ಚಗಿದೆ, ಮೇಲೆ ತಣ್ಣಗಿದೆ ಎಂದು ಸೊಸೆ ಅದನ್ನು ಫ್ರೀಜರಿಗೆ ಎತ್ತಿಡಲು ಹೊರಟಿದ್ದರು. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕರಗಿದ ಮೇಲೂ ಬಳಸುವಂತಿಲ್ಲ, ಮತ್ತು ಅದು ಕೆಟ್ಟದ್ದು ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಪಕ್ಕದ ಮನೆಯವರು ತಡೆದು, ತಮ್ಮ ಫ್ರಿಜ್ಜಿನಲ್ಲಿ ಜಾಗ ಕೊಟ್ಟರು.

ಎರಡನೆಯ ಮೆಕ್ಯಾನಿಕ್, ವಯಸ್ಸಾದವರು, ಫೋನಿನಲ್ಲೇ ಕೇಳಿದ ಮೊದಲ ಪ್ರಶ್ನೆ: "ಊಪರ್ ಠಂಡಾ ಹೈ?" ಹೌದು ಎಂದಾಗ, ತಾವು ಬರುವವರೆಗೆ ಫ್ರಿಜ್ ಆಫ್ ಮಾಡಬೇಡಿ, ಐಸ್ ಕರಗಿದರೆ ಸಾಕ್ಷಿಯೇ ಹೋಗುತ್ತದೆ ಎಂದರು. ಹಲಗೆ ಬಿಚ್ಚಿದಾಗ ಇಡೀ ಕಾಯಿಲ್ ಒಂದೇ ಸಮನೆ ಬಿಳಿ ಗೋಡೆ. ಗ್ಯಾಸ್ ಕಡಿಮೆಯಿದ್ದರೆ ಒಂದು ತುದಿಯಲ್ಲಿ ಮಾತ್ರ ಐಸ್ ಕೂತು ಉಳಿದದ್ದು ಬರಿದಾಗಿರುತ್ತದೆ. ಸೊಸೆ ಚಾಕು ತಂದುಕೊಟ್ಟಾಗ ಅವರು ಮುಟ್ಟಲಿಲ್ಲ. ತೆಳ್ಳನೆಯ ಕಾಯಿಲಿಗೆ ಚಾಕು ತಗುಲಿದರೆ ಆಗ ನಿಜಕ್ಕೂ ಗ್ಯಾಸ್ ಹೋಗುತ್ತದೆ, ಹೊಸ ಫ್ರಿಜ್ಜುಗಳಲ್ಲಿ ಆ ಗ್ಯಾಸ್ ಹೆಚ್ಚಾಗಿ ಬೆಂಕಿ ಹತ್ತುವಂಥದ್ದು. ಪ್ಲಗ್ ಕಿತ್ತು, ಬಟ್ಟೆ ಹಾಸಿ, ಕರಗುವವರೆಗೆ ಕಾದರು.

ಆಮೇಲೆ ಮಲ್ಟಿಮೀಟರ್ ತೆಗೆದರು. ಹೀಟರ್ ಸರಿಯಿತ್ತು. ಮುಂದಿನದು ಬೈಮೆಟಲ್, ಅಂದರೆ ಕಾಯಿಲ್ ಸಾಕಷ್ಟು ಬೆಚ್ಚಗಾದೊಡನೆ ಹೀಟರನ್ನು ಆರಿಸುವ ಪುಟ್ಟ ಸ್ವಿಚ್ಚು. ಅದು ಕೋಣೆಯ ಬಿಸಿಯಲ್ಲಿ ತೆರೆದೇ ಇರಬೇಕು, ತುಂಬ ತಣ್ಣಗಾದಾಗಷ್ಟೇ ಮುಚ್ಚಿಕೊಳ್ಳಬೇಕು. ಇದು ಗೊತ್ತಿಲ್ಲದವರು ಮೇಜಿನ ಮೇಲೆ ಅಳೆದು, ಕರೆಂಟ್ ಹರಿಯುತ್ತಿಲ್ಲವೆಂದು ಒಳ್ಳೆಯದನ್ನೇ ಎಸೆಯುತ್ತಾರೆ. ಇಲ್ಲಿನದು ಆ ಬೆಚ್ಚಗಿನ ಕೋಣೆಯಲ್ಲೂ ಮುಚ್ಚಿಕೊಂಡೇ ಇತ್ತು. ಅದು ಹೀಟರನ್ನು ಆರಿಸದೆ ಬಿಟ್ಟದ್ದರಿಂದ, ಬಿಸಿ ಮಿತಿಮೀರಿದಾಗ ಕಾಯುವ ಫ್ಯೂಸ್ ಸುಟ್ಟಿತ್ತು. ಫ್ಯೂಸ್ ಸುಟ್ಟ ಮೇಲೆ ಹೀಟರ್ ಮತ್ತೆ ಉರಿದದ್ದೇ ಇಲ್ಲ. ಫ್ಯೂಸನ್ನಷ್ಟೇ ಬದಲಾಯಿಸಿದರೆ ಅದೂ ಸುಡುತ್ತದೆ ಎಂದು ಎರಡನ್ನೂ ಹಾಕಿ, ಕೆಲವು ನೂರು ರೂಪಾಯಿ ತೆಗೆದುಕೊಂಡು, ಹತ್ತು ದಿನ ಬಿಟ್ಟು ಫೋನ್ ಮಾಡಿ ಎಂದು ಹೇಳಿ ಹೋದರು.