ಹಾಸನದ ಚಳಿಯಲ್ಲಿ ಹಳೆಯ ಕಾರಿನ ಕಿಡಿ

ಹಾಸನವನ್ನು 'ಬಡವರ ಊಟಿ' ಎಂದು ಕರೆಯುವುದುಂಟು. ಸಮುದ್ರಮಟ್ಟದಿಂದ 3,000 ಅಡಿಗೂ ಮೇಲಿರುವ ಈ ಊರಿನ ಮಾಗಿಯ ಚಳಿ ಪ್ರವಾಸಿಗರಿಗೇನೋ ಹಿತವೇ. ಆದರೆ ರಾತ್ರಿಯಿಡೀ ಮನೆಯ ಮುಂದೆ ಇಬ್ಬನಿಯಲ್ಲಿ ನೆನೆದು ನಿಂತ ಹಳೆಯ ಪೆಟ್ರೋಲ್ ಕಾರಿಗೆ ಅದು ಶತ್ರು. ಬೆಳಿಗ್ಗೆ ಆರಕ್ಕೆ ಸೆಲ್ಫ್ ಹೊಡೆದರೆ ನಾಲ್ಕು ಸಲ ಕೆಮ್ಮಿ ಸುಮ್ಮನಾಗುತ್ತದೆ. ಹಿಂದೆಲ್ಲ ಆಗ ಡಿಕ್ಕಿಯಿಂದ ಹ್ಯಾಂಡಲ್ ಹೊರಬರುತ್ತಿತ್ತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಈಗ ಉಳಿದಿರುವ ಅಂಬಾಸಿಡರ್, ಫಿಯಟ್‌ಗಳು ಪ್ರೀತಿಯಿಂದ ಸಾಕಿಕೊಂಡವರ ಮನೆಯಲ್ಲಿವೆ. (ಡೀಸೆಲ್ ಅಂಬಾಸಿಡರ್ ಇಟ್ಟುಕೊಂಡವರು ಈ ಲೇಖನವನ್ನು ಇಲ್ಲಿಗೇ ಬಿಡಬಹುದು, ಆ ಎಂಜಿನ್ನಿಗೆ ಕಿಡಿಯೇ ಬೇಡ.)

ಹಾಸನದಿಂದ ಗೊರೂರಿನ ಮೇಲೆ ಅರಕಲಗೂಡು, ಅಲ್ಲಿಂದ ಹೊಳೆನರಸೀಪುರ, ಮುಂದೆ ಚನ್ನರಾಯಪಟ್ಟಣ, ಕೊನೆಗೆ ಹೆದ್ದಾರಿ ಹಿಡಿದು ಶಾಂತಿಗ್ರಾಮದ ಮಾರ್ಗವಾಗಿ ಮರಳಿ ಹಾಸನ. 100 ಕಿಲೋಮೀಟರಿಗೆ ಮಿಕ್ಕಿದ ಈ ಸುತ್ತು ಹಳೆಯ ಕಾರಿನ ಆರೋಗ್ಯ ಪರೀಕ್ಷೆಗೆ ಹೇಳಿ ಮಾಡಿಸಿದಂತಿದೆ. ಮೊದಲ ಪರೀಕ್ಷೆ ಹಾಸನದ ಮುಂಜಾವಿನಲ್ಲೇ ನಡೆಯುತ್ತದೆ.

ಚಳಿಗೆ ಎಂಜಿನ್ ಆಯಿಲ್ ಮಂದವಾಗಿರುತ್ತದೆ. ಎಂಜಿನ್ ತಿರುಗಿಸಲು ಸೆಲ್ಫ್ ಮೋಟಾರು ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯುತ್ತದೆ. 12 ವೋಲ್ಟಿನ ಬ್ಯಾಟರಿ ಆ ಗಳಿಗೆಯಲ್ಲಿ 9ಕ್ಕೆ ಕುಸಿದರೆ ಆಶ್ಚರ್ಯವಿಲ್ಲ. ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೂ ಸಿಗುವುದು ಅಷ್ಟೇ. ಅಂಬಾಸಿಡರಿನಂಥ ಕಾರುಗಳ ಕಾಯಿಲಿನ ಪ್ರಾಥಮಿಕ ಸುತ್ತಿಗೆ ಸುಮಾರು 3 ಓಮ್ ರೋಧ. 12 ವೋಲ್ಟಿಗೆ 4 ಆಂಪಿಯರ್ ಹರಿಯಬೇಕಾದಲ್ಲಿ 9 ವೋಲ್ಟಿಗೆ ಹರಿಯುವುದು 3 ಮಾತ್ರ. ಕಾಯಿಲಿನಲ್ಲಿ ಕೂಡಿಬೀಳುವ ಶಕ್ತಿ ವಿದ್ಯುತ್ತಿನ ವರ್ಗಕ್ಕೆ ತಕ್ಕಂತೆ ಇರುವುದರಿಂದ ಅದು ಅರ್ಧದ ಹತ್ತಿರಕ್ಕೆ ಇಳಿಯುತ್ತದೆ. ಬಲವಾದ ಕಿಡಿ ಬೇಕಾದ ಹೊತ್ತಿನಲ್ಲೇ ಕಿಡಿ ಸೊರಗುತ್ತದೆ.

ಇದಕ್ಕೆ ಹಲವು ತಯಾರಕರು ಕಂಡುಕೊಂಡ ಉಪಾಯ ಸರಳ. ಕಾಯಿಲನ್ನು 1.5 ಓಮಿಗೆ ಸುತ್ತಿ, ಅದರ ದಾರಿಯಲ್ಲಿ ಇನ್ನೊಂದು 1.5 ಓಮಿನ ರೋಧಕ ಇಟ್ಟರು. ಇದೇ ಬ್ಯಾಲಸ್ಟ್. ಕಾರು ಓಡುವಾಗ ಒಟ್ಟು 3 ಓಮ್, ಆದ್ದರಿಂದ ಅದೇ 4 ಆಂಪಿಯರ್. ಸೆಲ್ಫ್ ತಿರುಗುವಷ್ಟು ಹೊತ್ತು ಮಾತ್ರ ಒಂದು ತಂತಿ ಬ್ಯಾಲಸ್ಟನ್ನು ಬಳಸಿಕೊಂಡು ಹೋಗಿ ಕಾಯಿಲಿಗೆ ನೇರವಾಗಿ ವಿದ್ಯುತ್ ಕೊಡುತ್ತದೆ. ಆಗ 9 ವೋಲ್ಟಿದ್ದರೂ 6 ಆಂಪಿಯರ್! ಕೀಲಿ ಬಿಟ್ಟೊಡನೆ ಬ್ಯಾಲಸ್ಟ್ ಮತ್ತೆ ದಾರಿಗೆ ಅಡ್ಡ ಬರುತ್ತದೆ.

ಇಷ್ಟಕ್ಕೆಲ್ಲ ಆಧಾರವಾದ ನಿಯಮವನ್ನು 1827ರಲ್ಲಿ ಪ್ರಕಟಿಸಿದ ಓಮ್ ಜರ್ಮನಿಯ ಕಲೋನ್ ನಗರದಲ್ಲಿ ಶಾಲಾ ಮೇಷ್ಟರಾಗಿದ್ದವರು. ಬ್ಯಾಟರಿ ಇಗ್ನಿಷನ್ನನ್ನೂ 1912ರ ಕ್ಯಾಡಿಲಾಕ್ ಕಾರಿಗೆ ಸೆಲ್ಫನ್ನೂ ಕೊಟ್ಟ ಅಮೆರಿಕದ ಕೆಟರಿಂಗ್ ಕೂಡ ಮೊದಲು ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿದವರೇ.

ಎಂಜಿನ್ ಹತ್ತಿ, ಕಾರು ಗೊರೂರು ತಲುಪಿತೆನ್ನಿ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆ ಇಲ್ಲಿದೆ. ನಾಲೆಗೆ ತೂಬು ಹೇಗೋ ಕಾಯಿಲಿಗೆ ಬ್ಯಾಲಸ್ಟ್ ಹಾಗೆ. ತೂಬನ್ನು ಒಂದಿಷ್ಟು ಹೊತ್ತು ಪೂರಾ ಎತ್ತಬಹುದು. ಹಾಗೇ ಬಿಟ್ಟರೆ ನಾಲೆಯ ಏರಿ ಉಳಿಯದು. ಈ ತೂಬಿಗೆ ಇನ್ನೊಂದು ಗುಣವುಂಟು. ಹಲವು ಬ್ಯಾಲಸ್ಟ್‌ಗಳ ತಂತಿ ಬಿಸಿಯಾದಷ್ಟೂ ಅದರ ರೋಧ ಏರುತ್ತದೆ. ಎಂಜಿನ್ ನಿಧಾನವಾಗಿ ತಿರುಗುವಾಗ ಸಿ.ಬಿ. ಪಾಯಿಂಟುಗಳು ಹೆಚ್ಚು ಹೊತ್ತು ಕೂಡಿರುತ್ತವೆ, ತಂತಿ ಕಾಯುತ್ತದೆ, ವಿದ್ಯುತ್ತು ತಾನೇ ತಗ್ಗುತ್ತದೆ. ಯಾರೂ ಕೈಹಾಕಬೇಕಿಲ್ಲ.

ಕೈಹಾಕಿದಾಗಲೇ ತೊಂದರೆ. ಅರ್ಕೇಶ್ವರನ ಊರಾದ ಅರಕಲಗೂಡಿನಿಂದ ಹೊಳೆನರಸೀಪುರದ ದಾರಿ ಹೊಲಗಳ ನಡುವೆ ಸಾಗುತ್ತದೆ. ಅಲ್ಲಿ ಹೊತ್ತು ಮುಳುಗುವಾಗ ಬ್ಯಾಲಸ್ಟ್ ತುಂಡಾಗಿ ಕಾರು ನಿಂತಿತೆಂದು ಇಟ್ಟುಕೊಳ್ಳಿ. ಸೆಲ್ಫ್ ಹೊಡೆದರೆ ಎಂಜಿನ್ ಹತ್ತುತ್ತದೆ, ಕೀಲಿ ಬಿಟ್ಟರೆ ಆರುತ್ತದೆ. ಬ್ಯಾಲಸ್ಟ್ ಸತ್ತಿರುವುದಕ್ಕೆ ಇದೇ ಕುರುಹು. ಕಾರಿನಲ್ಲಿ ಹೆಂಗಸರು ಮಕ್ಕಳಿದ್ದಾರೆ. ದಾರಿಯಲ್ಲಿ ಸಿಕ್ಕ ಮೆಕ್ಯಾನಿಕ್ ಒಂದು ತುಂಡು ವೈರ್ ಹಾಕಿ 'ಡೈರೆಕ್ಟ್' ಕೊಡುತ್ತಾನೆ, ಕಾರು ಓಡುತ್ತದೆ. ಆ ಹೊತ್ತಿಗೆ ಅದು ಪುಣ್ಯದ ಕೆಲಸವೇ. ಆದರೆ ಊರು ಸೇರಿದ ಮೇಲೂ ಆ ವೈರ್ ಅಲ್ಲೇ ಉಳಿದರೆ? 1.5 ಓಮಿನ ಕಾಯಿಲಿನಲ್ಲಿ 12 ವೋಲ್ಟಿಗೆ 8 ಆಂಪಿಯರ್ ಹರಿಯುತ್ತದೆ. ಪಾಯಿಂಟುಗಳು ಕೂಡಿದ್ದಾಗ ಎಂಜಿನ್ ನಿಲ್ಲಿಸಿ ಕೀಲಿ ತಿರುಗಿಸದೆ ಬಿಟ್ಟರೆ ಕಾಯಿಲಿನೊಳಗೆ 96 ವ್ಯಾಟ್ ಕಾವು ಹುಟ್ಟುತ್ತದೆ; ಬ್ಯಾಲಸ್ಟ್ ಇದ್ದರೆ 24. ಪಾಯಿಂಟುಗಳು ಸುಟ್ಟು ಗುಳಿ ಬೀಳುತ್ತವೆ, ಕಾಯಿಲಿನ ಅವಾಹಕ ಕೆಡುತ್ತದೆ. ಕೊನೆಗೆ ಬೈಸಿಕೊಳ್ಳುವುದು ಕಾರು.

ಕೆಲವು ಕಾರುಗಳಲ್ಲಿ ಬ್ಯಾಲಸ್ಟ್ ಬಿಳಿಯ ಪಿಂಗಾಣಿ ತುಂಡಾಗಿ ಕಾಣುತ್ತದೆ. ಇನ್ನು ಕೆಲವದರಲ್ಲಿ ಅದು ವೈರಿಂಗಿನೊಳಗೇ ಅಡಗಿದ ರೋಧತಂತಿ. ಹೊಸ ವೈರಿಂಗ್ ಹಾಕಿಸಿ ಅದನ್ನು ಅರಿಯದೆ ಗುಜರಿಗೆ ಎಸೆಯುವುದು ಸುಲಭ.

ಹೇಮಾವತಿಯ ದಡದ ಹೊಳೆನರಸೀಪುರದಲ್ಲಿ ನಿಂತು ಕಾರಿನ ರೇಡಿಯೊ ತಿರುಗಿಸಿ. ಮಧ್ಯಮ ತರಂಗದಲ್ಲಿ ಆಕಾಶವಾಣಿಯ ಜತೆಗೆ ಎಂಜಿನ್ನಿನ ವೇಗಕ್ಕೆ ತಕ್ಕ ಚಟಪಟ ಕೇಳಿಸಿದರೆ ಅದು ಪ್ಲಗ್ಗಿನ ಕಿಡಿಯ ಸದ್ದಿರಬಹುದು. ಪ್ರತಿ ಕಿಡಿಯೂ ಪುಟ್ಟದೊಂದು ರೇಡಿಯೊ ಪ್ರಸಾರಕ. ಹರ್ಟ್ಜ್ 1887ರಲ್ಲಿ ರೇಡಿಯೊ ಅಲೆಗಳನ್ನು ಹುಟ್ಟಿಸಿದ್ದು ಕಿಡಿಯಿಂದಲೇ. ಈ ಗದ್ದಲ ಅಡಗಿಸಲು ಪ್ಲಗ್ ವೈರುಗಳೊಳಗೆ ತಾಮ್ರದ ಬದಲು ಇಂಗಾಲ ಸೇರಿದ ಎಳೆಯನ್ನು ಇಡುತ್ತಾರೆ. ಅದರ ರೋಧ ಹಲವು ಸಾವಿರ ಓಮ್. ಇದರಿಂದ ಕಿಡಿ ಬಡವಾಗುತ್ತದೆಂದು ತಾಮ್ರದ ವೈರ್ ಹಾಕಿಸುವವರಿದ್ದಾರೆ. ಕಿಡಿಯಲ್ಲಿ ಹರಿಯುವುದು 0.05 ಆಂಪಿಯರ್ ಎಂದರೂ 5,000 ಓಮಿನಲ್ಲಿ ಕಳೆಯುವುದು 250 ವೋಲ್ಟ್. ಕಿಡಿ ಹಾರಲು ಬೇಕಾದದ್ದೋ ಸಾವಿರಾರು ವೋಲ್ಟ್. ಹಾಸನದ ಸಾಲಗಾಮೆ ರಸ್ತೆಯಲ್ಲಿ ಉಪಗ್ರಹಗಳ ಕ್ಷೀಣ ಸಂಕೇತಗಳಿಗೆ ಕಿವಿಗೊಟ್ಟು ಕುಳಿತ ನಿಯಂತ್ರಣ ಕೇಂದ್ರವಿರುವ ಜಿಲ್ಲೆಯಲ್ಲಿ ನಮ್ಮ ಕಾರುಗಳು ಅಷ್ಟಾದರೂ ಮೌನವಾಗಿರಬೇಡವೆ?

ಚನ್ನರಾಯಪಟ್ಟಣದಿಂದ ಹಾಸನಕ್ಕೆ ಹೆದ್ದಾರಿ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಸೆಕೆಂಡಿಗೆ 100 ಕಿಡಿ ಬೇಕು. ಪ್ರತಿ ಕಿಡಿಗೂ ಮುನ್ನ ಕಾಯಿಲ್ ಹೊಸದಾಗಿ ತುಂಬಿಕೊಳ್ಳಬೇಕು. ಕಡಿಮೆ ಸುತ್ತಿನ ಬ್ಯಾಲಸ್ಟ್ ಕಾಯಿಲ್ ಬೇಗ ತುಂಬಿಕೊಳ್ಳುತ್ತದೆ. ವೇಗದಲ್ಲಿ ಅದರ ಲಾಭ ಕಾಣುವುದು ಇಲ್ಲೇ.

ಆ ಹೆದ್ದಾರಿ ಹಿಡಿಯುವ ಮುನ್ನ ಚನ್ನರಾಯಪಟ್ಟಣದಲ್ಲಿ ಕಾಫಿಗೆ ನಿಂತಾಗ ಬಾನೆಟ್ ಎತ್ತಿ, ಕೀಲಿ ತೆಗೆದು, ಕಾಯಿಲಿನ ಎರಡು ಸಣ್ಣ ತುದಿಗಳ ವೈರ್ ಬಿಚ್ಚಿ ಅವುಗಳ ನಡುವೆ ಓಮ್‌ಮೀಟರ್ ಹಿಡಿಯಬಹುದು. 3ರ ಹತ್ತಿರ ತೋರಿದರೆ ಆ ಕಾಯಿಲಿಗೆ ಬೇರೆ ಬ್ಯಾಲಸ್ಟ್ ಬೇಡ. ಇದ್ದರೆ ಕಿಡಿ ಸೊರಗುತ್ತದೆ. 1.5 ತೋರಿದರೆ ಬ್ಯಾಲಸ್ಟ್ ಎಲ್ಲಿದೆಯೆಂದು ಹುಡುಕಬೇಕು. ಸಿಗದಿದ್ದರೆ, ಹಿಂದೆ ಯಾರೋ ಹಾಕಿದ 'ಡೈರೆಕ್ಟ್' ವೈರ್ ಅಲ್ಲೇ ಎಲ್ಲೋ ಇರುತ್ತದೆ.